ನಮ್ಮೂರ ತೋಳದ ನಲವತ್ತೆರಡು ಹಲ್ಲು

ನಮ್ಮ ಕೊಕ್‌ಜಾರ್ ಊರಿನ ಮ್ಯೂಸಿಯಂ ಎಷ್ಟು ದೊಡ್ಡದೆಂದರೆ ಅದನ್ನು ಪೂರ್ತಿ ನೋಡಿದವರು ಇದುವರೆಗೆ ಯಾರೂ ಇಲ್ಲ. ಕೋಣೆಗಳು ಮೂರೇ, ಒಪ್ಪಿದೆ. ಆದರೆ ಮೂರನೆಯದರಲ್ಲಿ ಕಲ್ಲಿದ್ದಲು ತುಂಬಿದೆ. ಉಳಿದೆರಡರಲ್ಲಿ ಏನಿಲ್ಲ ಹೇಳಿ? ಯಾವನೋ ಖಾನನ ಬೆಳ್ಳಿ ಕಟ್ಟಿದ ಕುದುರೆ ಜೀನು, ನೂರು ವರ್ಷದ ಉಣ್ಣೆಗಂಬಳಿ, ಸ್ಪಿರಿಟ್ಟಿನ ಜಾಡಿಯಲ್ಲಿ ಎರಡು ತಲೆಯ ಕುರಿಮರಿ. ಆ ಜಾಡಿಯ ಸ್ಪಿರಿಟ್ಟು ಪ್ರತಿ ಚಳಿಗಾಲದಲ್ಲೂ ನಾಲ್ಕು ಬೆರಳು ಇಳಿಯುತ್ತದೆ. ಅದು ಹವಾಮಾನದ ದೋಷವೆಂದು ಊರಿನ ಗಂಡಸರೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದೇವೆ.

ಎಲ್ಲಕ್ಕಿಂತ ಹೆಚ್ಚಿನದು ತೋಳ. ಗಾಜಿನ ಪೆಟ್ಟಿಗೆಯೊಳಗೆ ಬಾಯಿ ಕಿಸಿದು ನಿಂತ, ಕುದುರೆಯಷ್ಟು ಎತ್ತರದ ತೋಳ. ಸರಿ, ಕತ್ತೆಯಷ್ಟು. ಕೂತು ನೋಡಿದರೆ ಹಾಗೆಯೇ ಕಾಣುತ್ತದೆ.

ತೊಂದರೆ ಶುರುವಾದದ್ದು ಅದರ ಒಂದೇ ಒಂದು ಹಲ್ಲಿನಿಂದ. ಐದು ವರ್ಷದ ಹಿಂದೆ ಮ್ಯೂಸಿಯಮ್ಮಿನ ಮೇಲ್ವಿಚಾರಕ ತೆಮಿರ್‌ಕುಲ್‌ಗೆ ಮೊದಲ ಮೊಮ್ಮಗು ಹುಟ್ಟಿತು. ತೊಟ್ಟಿಲಿಗೆ ತೋಳದ ಹಲ್ಲು ಕಟ್ಟದಿದ್ದರೆ ಕೂಸಿಗೆ ದೃಷ್ಟಿ ತಾಗುತ್ತದೆಂಬುದು ನಮ್ಮಲ್ಲಿ ಕುರಿಗಳಿಗೂ ಗೊತ್ತು. ತೆಮಿರ್‌ಕುಲ್ ಅತ್ತಿತ್ತ ನೋಡಿ, ಹಿಂದಿನ ಸಾಲಿನಿಂದ ಒಂದನ್ನು ಕಿತ್ತ. ಬೆಣ್ಣೆಯಿಂದ ಕೂದಲು ಎಳೆದಷ್ಟು ಸಲೀಸಾಗಿ ಬಂತು. ಪಕ್ಕದ ಮನೆಯ ಕಲಿಪಾ ಅಜ್ಜಿ ತೊಟ್ಟಿಲಲ್ಲಿ ಅದನ್ನು ಕಂಡು ಕಣ್ಣರಳಿಸಿದಳು. "ಬುಡದಲ್ಲಿ ಏನೋ ಸಣ್ಣಗೆ ಬರೆದದೆ ನೋಡಪ್ಪ! ರಕ್ಷೆಯ ಅಕ್ಷರ ಇರಬೇಕು. ನನ್ನ ಮರಿಮಗೂಗೂ ಒಂದು ಕೊಡು."

ಅಜ್ಜಿಗೆ ಕೊಟ್ಟ ಮೇಲೆ ಕಸಾಯಿ ಶಾಮ್ಶಿಗೆ ಇಲ್ಲವೆನ್ನಲಾದೀತೆ? ಶಾಮ್ಶಿಯ ಮೊಮ್ಮಗನಂತೂ ಹಲ್ಲನ್ನು ಬಾಯಿಗಿಟ್ಟು ಒಂದೇ ವಾರದಲ್ಲಿ ಅರ್ಧ ಸವೆಸಿಬಿಟ್ಟ. "ತೋಳಾನೇ ಅರಗಿಸ್ಕೊಂಡ ಪೈಲ್ವಾನ ಕಣ್ರೋ ಇವನು!" ಎಂದು ಶಾಮ್ಶಿ ಊರೆಲ್ಲ ಸಾರಿದ. ಅಲ್ಲಿಂದ ಮುಂದೆ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಸೂಲಗಿತ್ತಿಗಿಂತ ಮೊದಲು ತೆಮಿರ್‌ಕುಲ್‌ಗೆ ಕರೆ ಹೋಗುತ್ತಿತ್ತು. ಐದು ವರ್ಷದಲ್ಲಿ ತೋಳದ ಬಾಯಿ ನಮ್ಮ ಕಲಿಪಾ ಅಜ್ಜಿಯ ಬಾಯಿಯಷ್ಟೇ ಬೋಳಾಯಿತು. ವ್ಯತ್ಯಾಸವೇನೆಂದರೆ, ಅಜ್ಜಿಗೆ ಕಟ್ಟಿಸಿದ ಹಲ್ಲಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ರಾಜಧಾನಿಯಿಂದ ಫೋನು ಬಂತು. "ಪರಿಶೀಲನಾಧಿಕಾರಿ ಝಮೀರಾ ಒರೋಜೋವ್ನಾ ಮಾತಾಡ್ತಿರೋದು. ಮಧ್ಯಾಹ್ನ ಎರಡಕ್ಕೆ ಬರ್ತೀನಿ. ಪ್ರತಿ ವಸ್ತೂನೂ ದಾಖಲೆಗೆ ಹೋಲಿಸಿ ನೋಡ್ತೀನಿ. ಒಂದು ಹೆಚ್ಚುಕಮ್ಮಿ ಆದ್ರೂ ನಿಮ್ಮ ಕೆಲಸ ಹೋಯ್ತು ಅಂತ ತಿಳ್ಕೊಳ್ಳಿ."

ತೆಮಿರ್‌ಕುಲ್ ದಾಖಲೆ ಪುಸ್ತಕ ತೆರೆದ. 'ತೋಳ, ಒಂದು. ಹಲ್ಲು, ನಲವತ್ತೆರಡು,' ಎಂದಿತ್ತು. ಅದರ ಮುಂದಿನದನ್ನು ಇಲಿ ತಿಂದಿತ್ತು.

"ಹಲ್ಲನ್ನೂ ಎಣಿಸಿ ಬರೆದಿದಾರಲ್ಲಪ್ಪ, ಪಾಪಿಗಳು!" ಎಂದು ತೆಮಿರ್‌ಕುಲ್ ಬೀದಿಗೆ ಓಡಿದ.

ಶಾಮ್ಶಿ ಅಂಗಡಿಯಲ್ಲಿ ಕುರಿ ಸುಲಿಯುತ್ತಿದ್ದ. "ಹಲ್ಲು ವಾಪಸ್ ಬೇಕಾ? ಅಣ್ಣ, ನಿನಗೆ ತಲೆ ನೆಟ್ಟಗಿದೆಯಾ? ತೊಟ್ಟಿಲಿಂದ ಬಿಚ್ಚಿದ್ರೆ ಮಗು ಗತಿ ಏನು?"

"ನನ್ನ ಗತಿ ಏನೋ, ಶಾಮ್ಶಿ?"

"ನೀನು ಬೆಳೆದಿದೀಯಲ್ಲ," ಎಂದ ಶಾಮ್ಶಿ. ಆದರೂ ಮನಸ್ಸು ಕರಗಿ ಒಂದು ಕುರಿಯ ದವಡೆಯನ್ನೂ, ಹೋದ ವರ್ಷ ಸತ್ತ ತನ್ನ ನಾಯಿಯದ್ದನ್ನೂ ತಂದುಕೊಟ್ಟ. "ತಗೋ. ನಾಯೀನೂ ತೋಳದ ನೆಂಟನೇ. ಕುರಿಗೂ ಸಂಬಂಧ ಇಲ್ದೆ ಇಲ್ಲ, ತೋಳದ ಹೊಟ್ಟೇಲಿ ಇರುತ್ತಲ್ಲ."

ಎಷ್ಟು ಜೋಡಿಸಿದರೂ ಮೇಲಿನ ಸಾಲಿನ ಮುಂಭಾಗ ಖಾಲಿ ಉಳಿಯಿತು. ಕಲಿಪಾ ಅಜ್ಜಿ ತೆಮಿರ್‌ಕುಲ್‌ನ ಅಳುಮುಖ ನೋಡಲಾರದೆ ಬಾಯಿಗೆ ಕೈಹಾಕಿ, ಮೂರು ಬಂಗಾರದ ಹಲ್ಲು ಹೊಳೆಯುವ ತನ್ನ ಕಟ್ಟಿಸಿದ ಹಲ್ಲಿನ ಸೆಟ್ಟನ್ನೇ ತೆಗೆದು ಸೆರಗಿನಲ್ಲಿ ಒರೆಸಿ ಕೊಟ್ಟಳು. "ಸಂಜೆ ಶಾಮ್ಶಿ ಮನೆ ಔತಣಕ್ಕೆ ಮುಂಚೆ ತಂದುಕೊಡು ಮಗನೇ. ಮೇಲುಗಡೆ ಮರ್ಯಾದೆ ಜಾಗದಲ್ಲಿ ಕೂರೋ ಹಿರಿಯಳು ನಾನು. ಬೋಳು ಬಾಯಲ್ಲಿ ಕೂರಿಸಬೇಡ."

ಗೋಧಿಹಿಟ್ಟಿನ ಕಣಕದಲ್ಲಿ ಎಲ್ಲವನ್ನೂ ಅಂಟಿಸಿ ಮುಗಿಸುವ ಹೊತ್ತಿಗೆ ಒಂದೂ ಮುಕ್ಕಾಲು. ಲೆಕ್ಕ ನಲವತ್ತೆರಡಕ್ಕೆ ಸರಿಹೋಯಿತು. ಆದರೆ ಐದು ವರ್ಷ ಮಂಕಾಗಿ ನಿಂತಿದ್ದ ತೋಳ ಈಗ ಮಗಳ ಮದುವೆಯ ಬೀಗರನ್ನು ಎದುರುಗೊಳ್ಳುವ ಯಜಮಾನನಂತೆ ನಗುತ್ತಿತ್ತು. ತೆಮಿರ್‌ಕುಲ್ ಕೋಣೆಯ ಬಲ್ಬನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ.

ಝಮೀರಾ ಒರೋಜೋವ್ನಾ ಬಂದಳು. ಆಕೆಯ ನೋಟಕ್ಕೆ ಜಾಡಿಯಲ್ಲಿದ್ದ ಕುರಿಮರಿಯ ಎರಡು ತಲೆಗಳೂ ಬೇರೆ ಬೇರೆ ದಿಕ್ಕಿಗೆ ತಿರುಗಿದವೆಂದು ನೋಡಿದವರು ಹೇಳುತ್ತಾರೆ. ನೋಡಿದವನು ನಾನೇ, ಕಿಟಕಿಯಿಂದ. ಆಕೆ ಚೀಲದಿಂದ ಟಾರ್ಚು ತೆಗೆದಳು. ಜೇಬಿನಲ್ಲಿ ತೆಮಿರ್‌ಕುಲ್‌ನ ಮುಷ್ಟಿಯೊಳಗೇ ಬಲ್ಬು ಚೂರಾಯಿತು.

"ಒಂದು... ಎರಡು..." ಪೆನ್ಸಿಲ್ಲಿನಿಂದ ಹಲ್ಲು ಮುಟ್ಟಿ ಮುಟ್ಟಿ ಎಣಿಸಿದಳು. "ನಲವತ್ತೆರಡು."

"ಇಡೀ ಏಷ್ಯಾದಲ್ಲೇ ಇಷ್ಟು ತುಂಬಿದ ಬಾಯಿ ಇನ್ನೊಂದು ತೋಳಕ್ಕಿಲ್ಲ, ಮೇಡಂ," ಎಂದು ತೆಮಿರ್‌ಕುಲ್ ಉಸಿರು ಬಿಟ್ಟ.

"ಈ ಬಂಗಾರ?"

"ಅದು... ಖಾನ ಸಾಕಿದ ತೋಳ, ಮೇಡಂ. ಶ್ರೀಮಂತರ ಮನೇದು."

ಆಕೆ ನಗಲಿಲ್ಲ. ರಾಜಧಾನಿಯ ದಾಖಲೆಯ ಪ್ರತಿ ತೆಗೆದಳು. ಅದನ್ನು ಯಾವ ಇಲಿಯೂ ತಿಂದಿರಲಿಲ್ಲ. "ಕೇಳಿ. 'ಹಲ್ಲು, ನಲವತ್ತೆರಡು, ಎಲ್ಲವೂ ಜಿಪ್ಸಮ್ಮಿನಲ್ಲಿ ಎರಕ ಹೊಯ್ದು ಬಣ್ಣ ಹಚ್ಚಿದವು. ಪ್ರತಿಯೊಂದರ ಬುಡದಲ್ಲೂ ಸಂಖ್ಯೆ ಬರೆದಿದೆ. ಅಸಲಿ ದವಡೆ ರಾಜಧಾನಿಯಲ್ಲಿದೆ.' ನಮ್ಮ ಜಿಪ್ಸಮ್ ಹಲ್ಲುಗಳೆಲ್ಲಿ?"

ತೆಮಿರ್‌ಕುಲ್‌ನ ಕಣ್ಣಮುಂದೆ ನಲವತ್ತೆರಡು ತೊಟ್ಟಿಲುಗಳು ಒಟ್ಟಿಗೇ ತೂಗಿದವು. ರಕ್ಷೆಯ ಅಕ್ಷರ! ತೋಳವನ್ನೇ ಅರಗಿಸಿಕೊಂಡ ಪೈಲ್ವಾನ! ನಿಜ ಹೇಳಿದರೆ ಊರೇ ಸೇರಿ ಅವನ ಚರ್ಮಕ್ಕೆ ಹುಲ್ಲು ತುಂಬಿ ತೋಳದ ಪಕ್ಕ ನಿಲ್ಲಿಸುತ್ತಿತ್ತು. ಹೇಳದಿದ್ದರೆ ಕೆಲಸ ಹೋಗುತ್ತಿತ್ತು.

"ತೊಳೆಯೋಕೆ... ಕೊಟ್ಟಿದೀನಿ, ಮೇಡಂ," ಎಂದ.

"ಹತ್ತು ದಿನ ಟೈಮ್. ಸಂಖ್ಯೆ ಸಮೇತ ನಲವತ್ತೆರಡೂ ಇಲ್ಲಿರಬೇಕು. ಅಲ್ಲೀವರೆಗೆ ಇದನ್ನ ಯಾರೂ ಮುಟ್ಟಕೂಡದು." ಆಕೆ ಗಾಜಿನ ಪೆಟ್ಟಿಗೆಗೆ ದಾರ ಸುತ್ತಿ, ಅರಗು ಕರಗಿಸಿ ಸರ್ಕಾರಿ ಮೊಹರು ಒತ್ತಿ ಹೊರಟುಹೋದಳು. ಒಳಗೆ ಅಜ್ಜಿಯ ಬಂಗಾರ ಮಿನುಗುತ್ತಿತ್ತು.

ಆಗತಾನೇ ಬಂದು ಕೊನೆಯ ಮಾತಷ್ಟೇ ಕೇಳಿದ್ದ ಕಲಿಪಾ ಅಜ್ಜಿ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಮೊಹರು ನೋಡಿದಳು, ತೆಮಿರ್‌ಕುಲ್‌ನನ್ನು ನೋಡಿದಳು. "ಹತ್ತು ದಿನವಾ? ಸರಿ. ಹತ್ತು ದಿನ ನಾನು ತಿನ್ನೋ ಮಾಂಸ ನೀನೇ ಅರೆದು ಕೊಡು," ಎಂದು ಅವನ ತೋಳು ಹಿಡಿದುಕೊಂಡು ಜೊತೆಗೇ ನಡೆದಳು.

ತನ್ನ ಮನೆಯ ಒಂದು ಹಲ್ಲನ್ನಾದರೂ ಉಳಿಸಿಕೊಳ್ಳೋಣವೆಂದು ತೆಮಿರ್‌ಕುಲ್ ಅಜ್ಜಿಯನ್ನೂ ಎಳೆದುಕೊಂಡು ಮನೆಗೆ ಓಡಿದ. ಅಟ್ಟದಿಂದ ತೊಟ್ಟಿಲು ಇಳಿಸಿದ. ದಾರವಿತ್ತು, ಹಲ್ಲಿರಲಿಲ್ಲ.

"ಅದಾ?" ಎಂದಳು ಹೆಂಡತಿ ಸಾಯ್ರಾ, ರೊಟ್ಟಿ ತಟ್ಟುತ್ತಲೇ. "ಅದನ್ನ ಮಗು ನೆಕ್ಕಿ ನೆಕ್ಕಿ ಎಂದೋ ಮುಗಿಸ್ತಲ್ಲ. ಎಂಥಾ ಶಕ್ತಿ ಅದಕ್ಕೆ ಅಂತೀರಿ, ಒಂದು ದಿನ ನೆಗಡೀನೂ ಬಂದಿಲ್ಲ. ಅಂದಹಾಗೆ, ಸೊಸೆ ಮತ್ತೆ ಬಸುರಿಯಂತೆ. ಅವಳಿ ಅಂತೆ. ಮ್ಯೂಸಿಯಮ್ಮಿಂದ ಎರಡು ತಂದಿಟ್ಟಿರಿ."

ಹಲ್ಲುಗಳು ನಕಲಿ ಎಂಬ ಗುಟ್ಟನ್ನು ತೆಮಿರ್‌ಕುಲ್ ನನಗೊಬ್ಬನಿಗೇ ಹೇಳಿದ್ದಾನೆ. ಗುಟ್ಟು ಕಾಯುವುದರಲ್ಲಿ ಮಧ್ಯ ಏಷ್ಯಾದಲ್ಲೇ ನನ್ನನ್ನು ಮೀರಿಸುವವರಿಲ್ಲ. ನಿಮಗೆ ಮಾತ್ರ ಹೇಳಿದ್ದೇನೆ. ನನ್ನ ಮಗಳ ತೊಟ್ಟಿಲಲ್ಲೂ ಒಂದು ಹಲ್ಲಿದೆ, ಬುಡದಲ್ಲಿ ಹದಿನೇಳು ಎಂದು ಬರೆದಿದೆ. ನಿನ್ನೆ ಅವನು ಬಂದು ಕಣ್ಣೀರಿಟ್ಟು ಕೇಳಿದ. ಅದು ಬರೀ ಜಿಪ್ಸಮ್ ಎಂದು ನನಗೆ ಗೊತ್ತಿಲ್ಲವೇ? ಗೊತ್ತು.

ಆದರೂ ಕೊಡಲಿಲ್ಲ. ಕೂಸಿನ ವಿಷಯ ನೋಡಿ.