ಶುಭ ಸಗಣಿ

ಎಲ್ಲಕ್ಕೂ ಕಾರಣ ಚಿದಂಬರನ ಬಾಯಿ. ಪಶುವೈದ್ಯ ಕಾಲೇಜಿನಲ್ಲಿ ನರಮಂಡಲದ ಪಾಠ ಹೇಳುವವನು, ಬಸವನಗುಡಿಯ ತನ್ನ ಹೊಸ ಫ್ಲ್ಯಾಟಿನ ಗೃಹಪ್ರವೇಶದ ದಿನವಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು.

ಅತ್ತೆ ಜಾನಕಮ್ಮನವರದು ಒಂದೇ ಹಟ: ಒಳಗೆ ಬಂದ ಹಸು ಸಗಣಿ ಹಾಕಿದರೇ ಮನೆಗೆ ಏಳಿಗೆ. ಇಲ್ಲದಿದ್ದರೆ ತಾವು ಹಾಲುಕ್ಕಿಸುವುದಿಲ್ಲ.

"ಅದಕ್ಯಾಕೆ ಯೋಚ್ನೆ ಅತ್ತೆ? ಲಿಫ್ಟಲ್ಲಿ ಬಂದ ಹಸು ಹೆದರಿರುತ್ತೆ. ಹೆದರಿದ್ರೆ ಮಿದುಳಿಂದ ಕರುಳಿಗೆ ಸುದ್ದಿ ಹೋಗುತ್ತೆ, ಕರುಳು ಓಡುತ್ತೆ. ಇದು ನನ್ನ ಸಬ್ಜೆಕ್ಟು," ಎಂದ ಚಿದಂಬರ, ನೆಂಟರೆಲ್ಲ ಕೇಳುವಂತೆ.

ಹಸು ಬಂತು. ಇಂಥ ಮನೆಗಳನ್ನು ಎಷ್ಟು ಕಂಡಿಲ್ಲ ಎಂಬಂತೆ ನಡುಮನೆಯಲ್ಲಿ ನಿಂತು ಮೆಲುಕು ಹಾಕಿತು. ಹಾಕಿದ್ದು ಅದೊಂದನ್ನೇ. ನೆಂಟರು ಅದರ ಬಾಲವನ್ನೇ ನೋಡುತ್ತ ಕೂತರು.

"ಭಾವ, ಪಾಠ ಅದಕ್ಕೆ ಅರ್ಥ ಆಗಿಲ್ಲ ಅನ್ಸುತ್ತೆ," ಎಂದ ಹೆಂಡತಿಯ ತಮ್ಮ ಮಧುಸೂದನ್.

ಚಿದಂಬರ ಜಾಗಟೆ ಬಡಿದ. ಹಸುವಿನ ಮುಖದೆದುರು ಛತ್ರಿ ಬಿಚ್ಚಿ ಮುಚ್ಚಿದ. ಇದ್ದ ಮೆಲುಕೂ ನಿಂತಿತು.

"ಬಿಡಿ ಸಾಮಿ, ಎನ್.ಆರ್. ಕಾಲೋನೀಲಿ ಇನ್ನೊಂದು ಮನೆ ಐತೆ," ಎಂದು ಹಸು ತಂದಿದ್ದ ಬಸವಮ್ಮ ಹಗ್ಗ ಎತ್ತಿಕೊಂಡಳು. ಪುರೋಹಿತರು ಗಡಿಯಾರ ನೋಡಿದರು. ಜಾನಕಮ್ಮ ಹಾಲಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಅಳಿಯನನ್ನು ನೋಡಿದರು.

ಚಿದಂಬರನ ಬಾಯಿ ಒಣಗಿತು, ಅಂಗೈ ಬೆವರಿತು, ಹೊಕ್ಕುಳ ಕೆಳಗೆ ಗುಡುಗಿತು. ಸುದ್ದಿ ಕರುಳಿಗೆ ತಲುಪಿತ್ತು, ವಿಳಾಸ ಮಾತ್ರ ತಪ್ಪಿತ್ತು. ಹೊಸ ಬಚ್ಚಲಿಗೆ ಇನ್ನೂ ನೀರು ಬಂದಿರಲಿಲ್ಲ. ಪಂಚೆ ಎತ್ತಿ ಹಿಡಿದು ಎದುರು ಮನೆಗೆ ಓಡಿದ.

"ಶೀನಣ್ಣ, ಒಂದ್ನಿಮಿಷ," ಎಂದು ತೆರೆದ ಬಾಗಿಲನ್ನು ತೆರೆದಂತೆಯೇ ಬಿಟ್ಟು ಒಳನುಗ್ಗಿದ.

ಹಗುರಾಗಿ ಹೊರಬಂದರೆ, ನೆಂಟರೆಲ್ಲ ಶೀನಣ್ಣನ ನಡುಮನೆಯಲ್ಲಿದ್ದರು. ಲಿಫ್ಟಿನತ್ತ ಹೊರಟಿದ್ದ ಹಸು, ಜಾಗಟೆಯಿಲ್ಲದ ಮನೆ ಕಂಡು ಒಳಗೆ ಬಂದು, ನೆಮ್ಮದಿಯಾಗಿ ಬುಟ್ಟಿ ತುಂಬುವಷ್ಟು ಹಾಕಿತ್ತು. ಗದ್ದಲಕ್ಕೆ ಕರುಳು ಬಿಗಿದುಕೊಳ್ಳುವುದೂ ಉಂಟು ಎಂದು ತಾನೇ ವರ್ಷವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದುದು ಚಿದಂಬರನಿಗೆ ಈಗ ನೆನಪಾಯಿತು. 

"ಪುಣ್ಯವಂತರ ಮನೆ," ಎನ್ನುತ್ತ ಜಾನಕಮ್ಮ ಶೀನಣ್ಣನ ಒಲೆಯ ಮೇಲೇ ಹಾಲಿಟ್ಟರು. ಹಾಲು ಉಕ್ಕಿತು. ಎಲ್ಲರೂ ಶೀನಣ್ಣನ ಕೈ ಕುಲುಕಿದರು.

"ಎಲ್ಲ ಸರಿ, ಇದನ್ನ ಎತ್ತೋರು ಯಾರು?" ಎಂದು ಶೀನಣ್ಣ ನೆಲ ನೋಡಿದ.

ಮಧುಸೂದನ್ ಮೊರ, ಪೊರಕೆ ತಂದು ಚಿದಂಬರನ ಕೈಗಿತ್ತ.

"ತಗೊಳ್ಳಿ ಭಾವ. ನಿಮ್ಮ ಸಬ್ಜೆಕ್ಟು."