ಅರಿಷಿಣದ ದಾರದ ಲಿಂಬೆಹಣ್ಣು

ಬೇರೆ ಊರುಗಳಲ್ಲಿ ಇತಿಹಾಸ ವರ್ಷವಿಡೀ ನಡೆಯುತ್ತದಂತೆ. ಶಿಗ್ಗಾಂವಿ ಸೀಮೆಯ ನಮ್ಮೂರಲ್ಲಿ ಅದೆಲ್ಲ ನಾಗರಪಂಚಮಿಯ ಒಂದೇ ದಿನ ನಡೆದು ಮುಗಿಯುತ್ತದೆ. ಉಳಿದ ದಿನ ನೀರಿನ ಕೊಡ ಎತ್ತಲು ಗೊಣಗುವ ಪರಪ್ಪ ಒಂದು ಪಂಚಮಿಗೆ ಗುಂಡುಕಲ್ಲನ್ನೇ ಎತ್ತಿದ. ಇನ್ನೊಂದು ಪಂಚಮಿಗೆ ಊರಿನ ಒಬ್ಬರು ಸವಣೂರಿನವರೆಗೆ ಹಿಮ್ಮುಖವಾಗಿ ನಡೆದು, ದಾರಿಯಲ್ಲಿ ಬೆನ್ನಿಗೆ ತಾಗಿದ ಎತ್ತಿಗೆ "ಸರೀರಿ ಯಜಮಾನ್ರ" ಎಂದಿದ್ದರು. ಕೂಸು ಹುಟ್ಟಿದ್ದು ಯಾವಾಗ ಎಂದು ಕೇಳಿದರೂ ನಮ್ಮವರು "ಪರಪ್ಪ ಗುಂಡು ಎತ್ತಿದ ಪಂಚಮಿ ಮರುದಿನ" ಎನ್ನುತ್ತಾರೆ. ಎರಡನೇ ಇಯತ್ತೆಗೆ ಸಾಲಿ ಬಿಟ್ಟ ನನಗೆ ಗೊತ್ತಿರುವ ಇತಿಹಾಸ ಇಷ್ಟೇ. ಅದನ್ನೂ ನಾನು ಕೆಡಿಸಿದ್ದೇನೆ.

ಯುದ್ಧದ ದೆಸೆಯಿಂದ ಸೀಮೆಎಣ್ಣೆ ಸಿಗದಿದ್ದ ವರ್ಷ ಅದು. ನಮ್ಮೂರ ಅಗಸಿಬಾಗಿಲಿಂದ ಬಂಕಾಪುರದ ಕೋಟೆ ಬಾಗಿಲೊಳಗೆ ನೂರು ಎಸೆತದಲ್ಲಿ ಲಿಂಬೆಹಣ್ಣು ಮುಟ್ಟಿಸುತ್ತೇನೆಂದು ನನ್ನಣ್ಣ ಬಸಣ್ಣ ಎದುರುಮನೆಯ ಮಲ್ಲೇಶಪ್ಪನೊಂದಿಗೆ ಪಂದ್ಯ ಕಟ್ಟಿದ. ಸೋತವನ ಮೀಸೆ ಹೋಗಬೇಕು. ಅಣ್ಣನ ಮೀಸೆ ಸಾಮಾನ್ಯದ್ದಲ್ಲ. ಹಾಲು ಕುಡಿದರೆ ಅರ್ಧ ಅದಕ್ಕೇ ಸಲ್ಲುತ್ತಿತ್ತು. ಹಣ್ಣು ಬಿದ್ದಲ್ಲಿ ಕಾಲಿಟ್ಟು ನಿಲ್ಲುವುದು ನನ್ನ ಕೆಲಸ. ಅಲ್ಲಿಂದಲೇ ಮುಂದಿನ ಎಸೆತ. ನಾನು ಸುಳ್ಳು ಹೇಳುವಷ್ಟು ಚುರುಕಲ್ಲ ಎಂದು ಎರಡೂ ಕಡೆಯವರು ನನ್ನನ್ನು ಒಪ್ಪಿದ್ದರು.

ಕೊನೆಯ ಎಸೆತಕ್ಕೆ ಅಣ್ಣ ತೋಳು ಬೀಸುವಾಗ ನಾನು ಧೋತರದ ಚುಂಗಿನಿಂದ ಶೇಂಗಾ ಉಂಡಿ ಬಿಚ್ಚುತ್ತಿದ್ದೆ. ಉಂಡಿ ಕೈಜಾರಿತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಹಣ್ಣು ಬಿದ್ದಾಗಿತ್ತು. ಬಾಗಿಲಿನ ಈಚೆಗೇ ಹಳದಿಯಾಗಿ ಏನೋ ಕಂಡಿತು. ಕಾಲಿಟ್ಟು ಕೈ ಎತ್ತಿದೆ. ಪಂಚಮಿಯ ದಿನ ಆ ದಾರಿಯ ತುಂಬ ಸುತ್ತಲ ಊರವರು ಎಸೆದ ಲಿಂಬೆಹಣ್ಣುಗಳೇ ಬಿದ್ದಿರುತ್ತವೆ ಎಂಬುದು ಹೊಳೆಯಲಿಲ್ಲ. ಗುರುತಿಗೆಂದು ಅವ್ವ ಕಟ್ಟಿದ್ದ ಅರಿಷಿಣದ ದಾರ ಆ ಹಣ್ಣಿಗಿರಲಿಲ್ಲ. "ಇಷ್ಟು ಪೆಟ್ಟು ತಿಂದ ಮ್ಯಾಲೆ ದಾರ ಉಳಿತೈತೇನಪಾ?" ಎಂದ ಮಲ್ಲೇಶಪ್ಪ. ಮೀಸೆ ಬೋಳಿಸಲು ಅಲ್ಲೇ ಒಂದು ಕಲ್ಲಿನ ಮೇಲೆ ಅಣ್ಣನನ್ನು ಕೂರಿಸಿದರು. ನೋಡಲಾರದೆ ನಾನು ಬಾಗಿಲೊಳಗೆ ಹೋದೆ. ಅಲ್ಲಿ ಲಿಂಬೆಹಣ್ಣು ಕೂತಿತ್ತು, ದಾರ ಸಮೇತ. ಹೊರಗೆ ಓಡಿ ಬಂದರೆ ಅಣ್ಣನ ಮೇಲ್ತುಟಿ ಆಗಲೇ ಬೋಳು. ಹೋದ ಮೀಸೆಯನ್ನು ಅಂಟಿಸುವವರುಂಟೆ? ಮತ್ತೆ ಒಳಗೆ ಹೋಗಿ ಹಣ್ಣನ್ನು ಸಿಪ್ಪೆ ಸಮೇತ ತಿಂದುಬಿಟ್ಟೆ.

ಅಣ್ಣ ಮತ್ತೆ ಲಿಂಬೆ ಮುಟ್ಟಲಿಲ್ಲ. ಮೀಸೆ ಬೆಳೆದರೂ ತಿರುವಲಿಲ್ಲ. ಪಂಚಮಿ ಬಂದರೆ ಊರು ಬಿಟ್ಟು ಹೊಲದಲ್ಲಿ ಒಬ್ಬನೇ ಕೂಡುತ್ತಿದ್ದ. ಎಷ್ಟೋ ವರ್ಷಗಳ ಮೇಲೆ, ಈ ಸಲ ನಾನು ಅಲ್ಲಿಗೇ ಹೋದೆ.

"ಅಣ್ಣಾ, ಅವತ್ತು ನಿನ್ನ ಹಣ್ಣು ಬಾಗಲದ ಒಳಗ ಬಿದ್ದಿತ್ತು."

ಹೊಡೆತಕ್ಕೆ ಬೆನ್ನು ಸಿದ್ಧ ಮಾಡಿಕೊಂಡು ನಿಂತೆ. ಅವನು ಕೇಳಿದ: "ಎಷ್ಟು ಒಳಗ?"

"ಒಂದು ಮಾರು."

"ಒಂದು ಮಾರು," ಎಂದು ತಾನೂ ಹೇಳಿಕೊಂಡ. ಕೈ ತಾನಾಗಿ ಮೀಸೆಗೆ ಹೋಯಿತು. ಆಮೇಲೆ ನನ್ನ ರಟ್ಟೆ ಹಿಡಿದು ಮಲ್ಲೇಶಪ್ಪನ ಕಟ್ಟೆಗೆ ಎಳೆತಂದ.

ಎಲ್ಲ ಕೇಳಿದ ಮಲ್ಲೇಶಪ್ಪ ತನ್ನ ಮೀಸೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡ. "ನಾ ಏನ್ ಮಾಡೇನೋ ಬಸಣ್ಣ? ಉಂಡಿ ತಿಂದಾಂವ ಇಂವಾ."

"ಖರೇ ಐತಿ," ಎಂದ ಅಣ್ಣ.

ಅಷ್ಟು ವರ್ಷ ಒಂದು ಮಾತಿಗೂ ಒಪ್ಪದ ಇಬ್ಬರು ಆ ಕ್ಷಣಕ್ಕೆ ಒಂದಾದದ್ದು ಕಂಡು ನಾನು ದಂಗಾದೆ. ದಂಗಾಗಿ ಬಾಯಿ ತೆರೆದಿದ್ದಾಗಲೇ ಕ್ಷೌರದವನು ಬಂದ.

ಅಂದು ಊಟಕ್ಕೆ ಅಣ್ಣ ಲಿಂಬೆ ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡ. ಇನ್ನು ನಮ್ಮೂರಲ್ಲಿ ಈ ವರ್ಷ ಹುಟ್ಟಿದ ಕೂಸುಗಳೆಲ್ಲ ನನ್ನ ಮೀಸೆ ಹೋದ ಪಂಚಮಿಯ ಕೂಸುಗಳೇ.