ಬಿಟ್ಟ ಮನೆಗೆ ಬುಕಿಂಗ್

ವಾರಿಜಾಕ್ಷಿ: ಬೆಲ್ ಒತ್ಬೇಡಿ ಮಾರಾಯ್ರೆ! ಒತ್ತಿದ್ರೆ ಅದು ಸಿಕ್ಕಿಕೊಂಡು ಬಡ್ಕೊಳ್ತಾ ಇರ್ತದೆ ಅಂತ ಮರ್ತುಹೋಯ್ತಾ?

ಧರ್ಮಪಾಲ: ಮರ್ತಿಲ್ಲ. ಮರ್ತ ಹಾಗೆ ಮಾಡ್ಬೇಕಲ್ವಾ? ನಾವು ಮೊದಲ ಸಲ ಬರುವ ಟೂರಿಸ್ಟ್‌ಗಳು.

(ಒತ್ತಿದರು. ಬೆಲ್ ಸಿಕ್ಕಿಕೊಂಡಿತು.)

ದುಬೈ ಮರೀನಾದ ಈ ಫ್ಲ್ಯಾಟಿನಲ್ಲಿ ಗಂಡ ಹೆಂಡತಿ ಏಳು ವರ್ಷ ಸಂಸಾರ ಮಾಡಿದ್ದರು. ಬಾಡಿಗೆಗಳು ಪಾತಾಳಕ್ಕೆ ಇಳಿದಿದ್ದ 2009ರಲ್ಲಿ, ಶಿಪ್ಪಿಂಗ್ ಕಂಪೆನಿಯ ಅಕೌಂಟೆಂಟ್ ಧರ್ಮಪಾಲರಿಗೂ ಸಮುದ್ರ ಕಾಣುವ ಮನೆ ಸಿಕ್ಕಿತ್ತು. ಮನೆಯ ಓನರ್ ಊರಿನ ಕಡೆಯವರೇ, ಸಂಜೀವಣ್ಣ. “ಮಗ ಸುಮಿತನಿಗೆ ಮದುವೆ, ಅವನು ಸಂಸಾರ ಹೂಡ್ಲಿಕ್ಕೆ ಮನೆ ಬೇಕು” ಅಂತ ಅವರು ನೋಟೀಸ್ ಕೊಟ್ಟಾಗ ಇವರು ಎರಡು ಮಾತಾಡದೆ ಖಾಲಿ ಮಾಡಿ, ಮಗಳು ದೀಪ್ತಿಯನ್ನು ಕಟ್ಟಿಕೊಂಡು ದುಬೈಯ ಇನ್ನೊಂದು ಮೂಲೆಯ ಅಲ್ ಕುಸೈಸ್‌ಗೆ ಹೋದರು. ಬಿಟ್ಟು ವರ್ಷ ಆಗಿಲ್ಲ, ಮೊನ್ನೆ ವಾರಿಜಾಕ್ಷಿಯ ಅಣ್ಣ ಮುಂಬೈಯಿಂದ ದಿನಬಾಡಿಗೆ ಮನೆಯ ಒಂದು ಫೋಟೋ ಕಳಿಸಿ, “ದುಬೈಗೆ ಬಂದಾಗ ಉಳ್ಕೊಳ್ಳಿಕ್ಕೆ ಇದು ಹೇಗೆ?” ಅಂತ ಕೇಳಿದ. ಫೋಟೋದಲ್ಲಿ ಇದ್ದದ್ದು ಇವಳದೇ ಅಡುಗೆಮನೆ. ಕಣ್ಣಾರೆ ನೋಡಿಯೇ ಬಿಡುವ ಅಂತ ಒಂದು ದಿನಕ್ಕೆ ಬುಕ್ ಮಾಡಿ, ಶುಕ್ರವಾರ ಮಧ್ಯಾಹ್ನ ಟ್ರಾಲಿ ಬ್ಯಾಗ್ ಎಳ್ಕೊಂಡು ಬಂದಿದ್ದಾರೆ.

(ಬಾಗಿಲು ತೆರೆಯಿತು. ಟೈ ಕಟ್ಟಿದ ಯುವಕ ಬೆಲ್ಲಿಗೆ ಗುದ್ದು ಕೊಟ್ಟು ನಿಲ್ಲಿಸಿದ.)

ಯುವಕ: ವೆಲ್‌ಕಮ್, ವೆಲ್‌ಕಮ್! ನಾನು ಕಜೆತಾನ್, ಹಾಲಿಡೇ ಹೋಮ್ ಕಂಪೆನಿಯಿಂದ. ಓ, ನಮ್ಮ ಕಡೆಯವರೇ! ಎಲ್ಲಿಂದ ಬರೋಣ ಆಯ್ತು?

ಧರ್ಮಪಾಲ: ಮುಂಬೈ.

ವಾರಿಜಾಕ್ಷಿ: ಕುಸೈಸ್.

(ಒಟ್ಟಿಗೇ ಹೇಳಿದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.)

ಧರ್ಮಪಾಲ: ಮುಂಬೈಯಿಂದ ಬಂದದ್ದು. ದಾರಿಯಲ್ಲಿ ಕುಸೈಸ್ ಸಿಕ್ತು.

ಕಜೆತಾನ್: ಬನ್ನಿ, ಮನೆ ತೋರಿಸ್ತೇನೆ. ಇದು ಬಾತ್‌ರೂಮ್. ಗೀಸರ್ ಸ್ವಿಚ್ ಇಲ್ಲಿ...

ವಾರಿಜಾಕ್ಷಿ: ಅದು ಫ್ಯಾನಿಂದು. ಗೀಸರಿಂದು ಬಾಗಿಲಿನ ಹಿಂದೆ ಉಂಟು.

ಕಜೆತಾನ್: ಹೌದಾ? ಅದಕ್ಕೇ ಗೆಸ್ಟ್‌ಗಳೆಲ್ಲ ತಣ್ಣೀರು ಅಂತ ಬೈತಾರೆ! ನಿಮಗೆ ಹೇಗೆ ಗೊತ್ತಾಯ್ತು ಮೇಡಂ?

ಧರ್ಮಪಾಲ: ಅವಳು ಹಾಗೇ. ಯಾವ ಊರಿಗೆ ಹೋದ್ರೂ ಮೊದಲು ಗೀಸರ್ ಹುಡುಕ್ತಾಳೆ. (ಪಿಸುಗುಟ್ಟಿ) ಬಾಯಿ ಮುಚ್ಚು ಮಾರಾಯ್ತಿ.

ವಾರಿಜಾಕ್ಷಿ: (ಪಿಸುಗುಟ್ಟಿ) ಮುಚ್ಚಿದೆ. ಆದ್ರೆ ಬಾಲ್ಕನಿ ಬಾಗಿಲನ್ನು ಅವನು ಉಲ್ಟಾ ಎಳೀತಿದ್ದಾನೆ. ಹಾಗೆ ಎಳೆದ್ರೆ ಕಿತ್ತುಬರ್ತದೆ.

(ಕಿತ್ತುಬಂತು. ಕಜೆತಾನ್ ಅದನ್ನು ಗೋಡೆಗೆ ಒರಗಿಸಿ, ಏನೂ ಆಗದವನಂತೆ ಮುಂದುವರಿಸಿದ.)

ಕಜೆತಾನ್: ಸೀ ವ್ಯೂ! ಶಾಂತ ಜಾಗ. ಈ ಫ್ಲೋರಿನಲ್ಲಿ ಈಗ ಎಲ್ಲಾ ನಮ್ಮ ಗೆಸ್ಟ್‌ಗಳೇ. ಎದುರು ಮನೆಯ ಹಲೀಮಮ್ಮ ಒಬ್ರು ಉಳಿದಿದ್ದಾರೆ. ಅವರದ್ದೇ ತುಂಬ ತೊಂದರೆ.

ವಾರಿಜಾಕ್ಷಿ: ಎಂತ ತೊಂದರೆ?

ಕಜೆತಾನ್: ಅವರು ಇಲ್ಲಿ ವಾಸ ಮಾಡ್ತಾರೆ.

ಧರ್ಮಪಾಲ: ಮನೆ ಅಂದ್ರೆ ವಾಸ ಮಾಡ್ಲಿಕ್ಕೇ ಅಲ್ವಾ?

ಕಜೆತಾನ್: ಅಯ್ಯೋ ಸರ್, ಬೆಳಿಗ್ಗೆ ಮಕ್ಕಳು ಶಾಲೆಗೆ ಹೋಗ್ತವೆ, ಮಧ್ಯಾಹ್ನ ಮೀನು ಹುರೀತಾರೆ. ಗೆಸ್ಟ್‌ಗಳು ಕಂಪ್ಲೇಂಟ್ ಮಾಡ್ತಾರೆ, ಈ ಬಿಲ್ಡಿಂಗಿನಲ್ಲಿ ಯಾರೋ ಬದುಕ್ತಿದ್ದಾರೆ ಅಂತ. ಅವರಿಗೂ ನೋಟೀಸ್ ಹೋಗಿದೆ, ಇನ್‌ಶಾ ಅಲ್ಲಾ ಬೇಗ ಖಾಲಿಯಾಗ್ತದೆ. ಈಗ ಬನ್ನಿ, ನಮ್ಮ ಸ್ಪೆಷಲ್ ಐಟಂ ನೋಡಿ.

(ಬೆಡ್‌ರೂಮಿನ ಬಾಗಿಲಿನ ಚೌಕಟ್ಟು. ಅದರ ಮೇಲೆ ಪೆನ್ಸಿಲ್ ಗೆರೆಗಳು: ದೀಪ್ತಿ ಎಲ್‌ಕೆಜಿ, ದೀಪ್ತಿ ಒಂದನೇ ಕ್ಲಾಸ್, ದೀಪ್ತಿ ಎರಡನೇ ಕ್ಲಾಸ್. ವಾರಿಜಾಕ್ಷಿ ಹತ್ತಿರ ಹೋಗಿ ನಿಂತಳು.)

ಕಜೆತಾನ್: ಪೈಂಟ್ ಹೊಡೀಬೇಡಿ ಅಂತ ನಾನೇ ಹೇಳಿದ್ದು. ಮನೆಯಲ್ಲಿದ್ದ ಹಾಗೆ ಅನ್ನಿಸ್ತದೆ ಅಂತ ಎಲ್ಲರೂ ಇಲ್ಲಿ ನಿಂತು ಫೋಟೋ ತೆಗೀತಾರೆ. ಮೊನ್ನೆ ಒಬ್ಬ ರಷ್ಯದವ ತನ್ನ ಎತ್ತರ ಕೂಡ ಹಾಕಿ ಹೋದ.

(ಎಲ್ಲದಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ: ಬೋರಿಸ್.)

ವಾರಿಜಾಕ್ಷಿ: ಈ ಮಗು ಯಾರು ಅಂತ ಕೇಳಿದ್ರೆ ಎಂತ ಹೇಳ್ತೀರಿ?

ಕಜೆತಾನ್: ಓನರಿನ ಮಗು ಅಂತ.

ವಾರಿಜಾಕ್ಷಿ: ಓನರಿಂದಾ? ಹಾಗಾದ್ರೆ ಹೆರಿಗೆ ಆಸ್ಪತ್ರೆಯಲ್ಲಿ ಮಲಗಿದ್ದು ಸಂಜೀವಣ್ಣನಾ?

ಧರ್ಮಪಾಲ: ವಾರಿಜಾ! ನಾವು ಟೂರಿಸ್ಟ್‌ಗಳು!

ವಾರಿಜಾಕ್ಷಿ: ನೀವು ಟೂರಿಸ್ಟ್ ಆಗಿ, ನನ್ನಿಂದ ಆಗುವುದಿಲ್ಲ. ನಿಂತ್ಕೋ ಅಂದ್ರೆ ತುದಿಗಾಲಲ್ಲಿ ನಿಂತು ಮೋಸ ಮಾಡ್ತಿದ್ಳು ಅವಳು. ತಲೆ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದದ್ದು ಈ ಕೈ!

(ಕಜೆತಾನ್ ಇಬ್ಬರನ್ನೂ ನೋಡಿದ, ಗೀಸರ್ ನೆನಪಾಯಿತು, ಬಾಲ್ಕನಿ ಬಾಗಿಲು ನೆನಪಾಯಿತು. ನಿಧಾನಕ್ಕೆ ಸೋಫಾದಲ್ಲಿ ಕುಳಿತ.)

ಕಜೆತಾನ್: ಮೊದಲಿದ್ದ ಫ್ಯಾಮಿಲಿ ನೀವಾ?

ಧರ್ಮಪಾಲ: ನಾವೇ. ಮಗನಿಗೆ ಬೇಕು ಅಂತ ಬಿಡಿಸಿದ ಮನೆಯನ್ನು ಎರಡು ವರ್ಷ ಬೇರೆಯವರಿಗೆ ಬಾಡಿಗೆಗೆ ಕೊಡೋ ಹಾಗಿಲ್ಲ ಅಂತ ಇಲ್ಲಿ ಕಾನೂನು ಉಂಟು. ಎಲ್ಲಿ ಆ ಮಗ?

ಕಜೆತಾನ್: ಇದ್ದ ಸರ್, ಇದ್ದ! ಸುಮಿತ್ ಅಲ್ವಾ? ಮದುವೆ ಆದ ವಾರ ಹೆಂಡತಿ ಜೊತೆ ಎರಡು ದಿನ ಇದೇ ರೂಮಲ್ಲಿದ್ದ. ನಾನೇ ಕೀ ಕೊಟ್ಟದ್ದು.

(ಧರ್ಮಪಾಲರ ಮುಖ ಇಳಿಯಿತು.)

ಧರ್ಮಪಾಲ: ಖಲಾಸ್. ಮಗ ಬಂದು ಮಲಗಿ ಹೋಗಿದ್ದಾನೆ. ಸ್ವಂತಕ್ಕೇ ಆಯ್ತಲ್ಲ. ನಡಿ ವಾರಿಜಾ.

ವಾರಿಜಾಕ್ಷಿ: ನಿಲ್ಲಿ. ಕಜೆತಾನ್, ಅಪ್ಪನ ಮನೆ ಅಂತ ಸುಮ್ನೆ ಬಂದು ಇದ್ದದ್ದಾ?

ಕಜೆತಾನ್: ಸುಮ್ನೆ ಹೇಗೆ ಅಕ್ಕಾ? ನಮ್ಮ ಕಂಪೆನಿಯಲ್ಲಿ ದೇವರು ಬಂದ್ರೂ ಬುಕಿಂಗ್ ಬೇಕು. ಅವನೂ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಬುಕ್ ಮಾಡಿಯೇ ಬಂದದ್ದು. ಹೋಗುವಾಗ ಅಭಿಪ್ರಾಯ ಕೂಡ ಬರ್ದಿದ್ದಾನೆ, ಇಲ್ನೋಡಿ.

(ಉತ್ಸಾಹದಲ್ಲಿ ಫೋನ್ ಚಾಚಿದ. ವಾರಿಜಾಕ್ಷಿ ಗಟ್ಟಿಯಾಗಿ ಓದಿದಳು: “ಹನಿಮೂನಿಗೆ ಬಂದಿದ್ದೆವು. ನೀರು ತಣ್ಣಗೆ. ಓನರ್ ಫೋನ್ ಎತ್ತುವುದಿಲ್ಲ. ಎರಡು ಸ್ಟಾರ್. ಸುಮಿತ್.” ಮನೆ ಬಿಟ್ಟ ಮೇಲೆ ಮೊದಲ ಸಲ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ತನ್ನ ಫೋನಿನಲ್ಲಿ ಅದರ ಫೋಟೋ ತೆಗೆದಳು. ಕಜೆತಾನನಿಗೆ ತಾನೇನು ತೋರಿಸಿದೆ ಅಂತ ಹೊಳೆದದ್ದು ಆಮೇಲೆ.)

ಕಜೆತಾನ್: ಅಕ್ಕಾ, ನನ್ನ ಹೆಸರು ಹೇಳ್ಬೇಡಿ. ಕೆಲಸ ಹೋಗ್ತದೆ. ನಾನೇ ಅಲ್ ಕೂಜ್‌ನಲ್ಲಿ ಆರು ಜನರ ರೂಮಿನಲ್ಲಿ ಮೇಲಿನ ಮಂಚದಲ್ಲಿ ಮಲಗುವವ.

ವಾರಿಜಾಕ್ಷಿ: ಹೇಳುವುದಿಲ್ಲ. ಇದು ಎಲ್ಲರಿಗೂ ಕಾಣುವ ಹಾಗೆ ಬರೆದದ್ದಲ್ವಾ?

(ಹೊರಡುವ ಮೊದಲು ಬೆರಳಿಗೆ ಉಗುಳು ಹಚ್ಚಿ ಬೋರಿಸನನ್ನು ಅಳಿಸಿದಳು. ಮಗಳ ಗೆರೆಗಳ ಮೇಲೆ ಒಮ್ಮೆ ಕೈಯಾಡಿಸಿದಳು.)

ಬಾಡಿಗೆ ತಕರಾರು ಕೇಳುವ ಕಚೇರಿಯಲ್ಲಿ ಸಂಜೀವಣ್ಣ ಎದೆ ತಟ್ಟಿ, “ನನ್ನ ಮಗ ಅಲ್ಲೇ ಇದ್ದ!” ಅಂದರು. ಅನುವಾದಕರು ಮಗ ಬರೆದ ಅಭಿಪ್ರಾಯವನ್ನು ಅರಬಿಯಲ್ಲಿ ಓದಿದರು. ಅಧಿಕಾರಿ ಗಡ್ಡದೊಳಗೇ ನಕ್ಕರು. ಮಗ ಇದ್ದದ್ದು ಬರೀ ಗೆಸ್ಟ್ ಆಗಿ ಅಂತ ತೀರ್ಪು ಧರ್ಮಪಾಲರ ಕಡೆ ಆಯಿತು. ಪರಿಹಾರ ಸಿಕ್ಕಿತು, ಮನೆ ಸಿಗಲಿಲ್ಲ. ಆ ತೀರ್ಪು ಹಿಡಿದುಕೊಂಡು ಹಲೀಮಮ್ಮ ತನ್ನ ನೋಟೀಸಿನ ಮೇಲೆ ಜಗಳಕ್ಕೆ ಹೊರಟಿದ್ದಾಳೆ ಅನ್ನುವುದಷ್ಟೇ ವಾರಿಜಾಕ್ಷಿಗೆ ಸಮಾಧಾನ.

(ಕಚೇರಿಯ ಹೊರಗೆ ಅಪ್ಪ ಮಗ ಎದುರಾದರು.)

ಸಂಜೀವಣ್ಣ: ಎರಡು ಸ್ಟಾರ್ ಹಾಕ್ಲಿಕ್ಕೆ ನಿನಗೆ ಎಂತ ಕೇಡಾಗಿತ್ತು?

ಸುಮಿತ್: ಡ್ಯಾಡಿ, ವಾಟರ್ ವಾಸ್ ರಿಯಲೀ ಕೋಲ್ಡ್.

ಧರ್ಮಪಾಲ: ಬಿಡಿ ಸಂಜೀವಣ್ಣ. ಈಗ ಎಲ್ಲಿದ್ದೀಯಪ್ಪಾ ಸುಮಿತ್?

ಸುಮಿತ್: ಮಿರ್ದಿಫ್‌ನಲ್ಲಿ, ಬಾಡಿಗೆಗೆ. ಅದನ್ನೂ ಬಿಡ್ಬೇಕು ಅಂಕಲ್. ನಿನ್ನೆ ನೋಟೀಸ್ ಬಂತು. ಓನರಿನ ಮಗಳಿಗೆ ಮದುವೆಯಂತೆ.

(ಸಂಜೀವಣ್ಣ ಕಾರಿನ ಕೀ ಹುಡುಕುವ ನೆಪದಲ್ಲಿ ಜೇಬು ತಡಕಿದರು.)

ಧರ್ಮಪಾಲ: (ಮೆಲ್ಲಗೆ) ಪಾಪ, ಹೊಸ ಸಂಸಾರ. ಹೆಂಡತಿ ಕಟ್ಕೊಂಡು ಎಲ್ಲಿಗೆ ಹೋಗ್ತಾನೆ?

ವಾರಿಜಾಕ್ಷಿ: ಎಲ್ಲಿಗೆ ಅಂದ್ರೆ? ಅಪ್ಪನ ಮನೆ ಉಂಟಲ್ವಾ. ಸೀಸನ್ ಶುರುವಾಗುವ ಮೊದಲು ಬುಕ್ ಮಾಡ್ಲಿಕ್ಕೆ ಹೇಳಿ.